ರಾಯಣ್ಣನ ಹೆಸರು ಇಲ್ಲಿ ಬೇಡವಾಗಿತ್ತು

‘ಔಷಧ ಪ್ರಯೋಗಕ್ಕೆ ಹಳ್ಳಿಯವರನ್ನು ಇಲಿ ಮಾಡಬೇಡಿ, ಇದು ರಾಯಣ್ಣನ ನೆಲ’ ಎಂದು ಮೊನ್ನೆ ಬರೆದವರ ಕಳಕಳಿ ದೊಡ್ಡದು, ಓದು ಸಣ್ಣದು. ಬ್ರಿಟಿಷರ ವಿರುದ್ಧ ಹೋರಾಡಿದ ರಾಯಣ್ಣನ ಊರಾದ ಸಂಗೊಳ್ಳಿಯವನಾಗಿ ಹೇಳುತ್ತೇನೆ: ರಾಯಣ್ಣನನ್ನು ಎಳೆದು ತರುವ ಮುನ್ನ ನಮ್ಮ ಜಿಲ್ಲೆಯ ಬಾಣಂತಿಯರ ಕತೆ ಕೇಳಬೇಕಿತ್ತು.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಒಂದು ಪರೀಕ್ಷೆ ನಡೆಸಿದರು. 1620 ತಾಯಂದಿರು, ಹೆರಿಗೆ ಮಾಡಿಸಿದವರು ಎಎನ್‌ಎಂ (ಸಹಾಯಕ ದಾದಿ) ಸಿಸ್ಟರ್‌ಗಳು. ಅರ್ಧದಷ್ಟು ಜನರಿಗೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ ಎರಡನೆಯ ಗುಂಪಿನಲ್ಲಿ ಶೇ. 12, ಮೊದಲನೆಯದರಲ್ಲಿ ಶೇ. 6.4. ಈ ಮಾತ್ರೆಗೆ ಫ್ರಿಜ್ಜು ಬೇಡ, ಸೂಜಿ ಬೇಡ. ಪರೀಕ್ಷೆಯ ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಕೆಲಸಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹಾಗಾದರೆ ಖಾಲಿ ಮಾತ್ರೆ ನುಂಗಿದವರು? ಚುಚ್ಚುವ ಪ್ರಶ್ನೆ ಅದು. ಮೊನ್ನೆಯ ಲೇಖಕರು ಅದನ್ನೇ ಕೇಳಲಿಲ್ಲ! ಹಳ್ಳಿ ಹೆರಿಗೆಗೆ ಆಗ ಬೇರೆ ಔಷಧ ಎಟುಕುತ್ತಿರಲಿಲ್ಲ ಎಂಬ ಸಂಶೋಧಕರ ಸಮರ್ಥನೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಪಟ್ಟಣದಲ್ಲಿ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು ಇತ್ತಲ್ಲ.

ಔಷಧ ಪ್ರಯೋಗಗಳ ಕುರಿತ 2019ರ ನಿಯಮಗಳ ಪ್ರಕಾರ ಓದು ಬಾರದವರಿಗೆ ಒಪ್ಪಿಗೆಪತ್ರವನ್ನು ನಿಷ್ಪಕ್ಷಪಾತ ಸಾಕ್ಷಿಯ ಎದುರು ವಿವರಿಸಬೇಕು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯ ಜೊತೆ ಪರಿಹಾರವನ್ನೂ ಕೊಡಬೇಕು, ನಡುವೆ ಯಾವಾಗ ಬೇಕಾದರೂ ಬಿಟ್ಟು ಹೊರಡಬಹುದು. ಹೆಬ್ಬೆಟ್ಟು ಒತ್ತುವ ನಮ್ಮ ಅವ್ವಂದಿರಿಗೆ ಆ ಹಾಳೆಯನ್ನು ನಮ್ಮ ಮಾತಿನಲ್ಲಿ ಓದಿ ಹೇಳುವವರು ಯಾರು? ಲೇಖಕರು ಬಂದು ಓದುತ್ತಾರೆಯೇ?