ಕೊಲೆ ಕೇಸು: 103, 105, 106 – ಶಿಕ್ಷೆ ಬದಲಾಗೋದು ಯಾವುದರ ಮೇಲೆ?

ತಿ.ನರಸೀಪುರ/ನಂಜನಗೂಡು: 2023ರಲ್ಲಿ ತಿ.ನರಸೀಪುರ ತಾಲ್ಲೂಕು ಆರು ವಾರದೊಳಗೆ ಎರಡು ದುರಂತ ಕಂಡಿತ್ತು. ಮೇ 29ರಂದು ಕುರುಬೂರು ಬಳಿ ಇನ್ನೋವಾ ಕಾರು ಮತ್ತು ಖಾಸಗಿ ಬಸ್ ಡಿಕ್ಕಿಯಾಗಿ, ಬಳ್ಳಾರಿ ಕಡೆಯಿಂದ ಪ್ರವಾಸಕ್ಕೆ ಬಂದಿದ್ದವರು ಸೇರಿ 10 ಮಂದಿ ಪ್ರಾಣ ಬಿಟ್ಟರು. ಜುಲೈ 9ರ ರಾತ್ರಿ ಪಟ್ಟಣದಲ್ಲಿ ಯುವ ಬ್ರಿಗೇಡ್ ಕಾರ್ಯಕರ್ತನೊಬ್ಬನ ಹತ್ಯೆಯಾಯಿತು.

ಆಗ ಜಾರಿಯಲ್ಲಿದ್ದ ಐಪಿಸಿ ಪ್ರಕಾರ ಅಪಘಾತದ ಕೇಸಿನಲ್ಲಿ ನಿರ್ಲಕ್ಷ್ಯ ಸಾಬೀತಾದರೂ 304ಎ ಅಡಿ ಗರಿಷ್ಠ ಶಿಕ್ಷೆ 2 ವರ್ಷ. ಕೊಲೆ ಕೇಸಿನಲ್ಲಿ 302 ಸಾಬೀತಾದರೆ ಜೀವಾವಧಿ ಇಲ್ಲವೇ ಗಲ್ಲು. ಹತ್ತು ಜೀವಕ್ಕೆ ಎರಡು ವರ್ಷ, ಒಂದು ಜೀವಕ್ಕೆ ಗಲ್ಲೇ ಎಂದು ಟೀ ಅಂಗಡಿಯಲ್ಲಿ ಜನ ಕೇಳೋದು ಸಹಜ. ಕಾನೂನು ಹೆಣ ಎಣಿಸೋದಿಲ್ಲ. ಸಾವಿಗೆ ಕಾರಣನಾದವನ ಮನಸ್ಸಿನಲ್ಲಿ ಆ ಹೊತ್ತಿಗೆ ಏನಿತ್ತು ಅನ್ನೋದನ್ನ ಅಳೆಯುತ್ತೆ.

'ಫಸ್ಟ್ ಡಿಗ್ರಿ' ನಮ್ಮಲ್ಲಿಲ್ಲ

ಇಂಗ್ಲಿಷ್ ಸಿನಿಮಾ, ವೆಬ್ ಸೀರೀಸ್ ನೋಡಿದವರು 'ಫಸ್ಟ್ ಡಿಗ್ರಿ ಮರ್ಡರ್', 'ಸೆಕೆಂಡ್ ಡಿಗ್ರಿ' ಅಂತಾರೆ. ಅದು ಅಮೆರಿಕದ ಲೆಕ್ಕ. 2024ರ ಜುಲೈ 1ರಿಂದ ನಮ್ಮಲ್ಲಿರೋದು ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್. ಇದರಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲು:

• ಸೆಕ್ಷನ್ 103 – ಕೊಲೆ. ಗಲ್ಲು ಅಥವಾ ಜೀವಾವಧಿ, ಜೊತೆಗೆ ದಂಡ. ಐದು ಅಥವಾ ಹೆಚ್ಚು ಮಂದಿ ಸೇರಿ ಜಾತಿ, ಸಮುದಾಯ, ಭಾಷೆಯಂಥ ಕಾರಣಕ್ಕೆ ಕೊಂದರೆ ಗುಂಪಿನ ಪ್ರತಿಯೊಬ್ಬನಿಗೂ ಇದೇ ಶಿಕ್ಷೆ.

• ಸೆಕ್ಷನ್ 105 – ಕೊಲೆಯಲ್ಲದ ನರಹತ್ಯೆ. ಉದ್ದೇಶ ಇದ್ದರೆ ಜೀವಾವಧಿ, ಅಥವಾ 5ರಿಂದ 10 ವರ್ಷ. ಉದ್ದೇಶ ಇಲ್ಲದೆ, ಸಾವು ಸಂಭವಿಸಬಹುದು ಎಂಬ ಅರಿವು ಮಾತ್ರ ಇದ್ದರೆ 10 ವರ್ಷದವರೆಗೆ.

• ಸೆಕ್ಷನ್ 106 – ನಿರ್ಲಕ್ಷ್ಯದಿಂದ ಸಾವು. ಹಿಂದೆ 2 ವರ್ಷ ಇದ್ದದ್ದು ಈಗ 5 ವರ್ಷದವರೆಗೆ ಏರಿದೆ.

ವರದಕ್ಷಿಣೆ ಸಾವಿಗೆ ಬೇರೆಯೇ ಸೆಕ್ಷನ್ ಇದೆ: 80. ಅಲ್ಲಿ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ.

'ಒಂದೇ ಏಟು ತಾನೇ' ಅನ್ನೋ ಹಾಗಿಲ್ಲ

ನಂಜನಗೂಡಿನ ಅಂಗಡಿ ಬೀದಿಯಲ್ಲಿ ಪಾರ್ಕಿಂಗ್ ವಿಚಾರಕ್ಕೆ ಜಗಳ ಆಯ್ತು ಅಂದ್ಕೊಳ್ಳಿ. ತಳ್ಳಾಟದಲ್ಲಿ ಒಬ್ಬ ಬಿದ್ದು ತಲೆಗೆ ಪೆಟ್ಟಾಗಿ ಸತ್ತರೆ, ಅದು ಸಾಮಾನ್ಯವಾಗಿ ಕೊಲೆಯ ಮಟ್ಟಕ್ಕೆ ಹೋಗೋದಿಲ್ಲ. ಅದೇ ಮನುಷ್ಯ ಮನೆಗೆ ಹೋಗಿ ಮಚ್ಚು ತಂದು ಹೊಡೆದರೆ ಕಥೆಯೇ ಬೇರೆ. ಪೂರ್ವತಯಾರಿ ಇಲ್ಲದ ದಿಢೀರ್ ಜಗಳ, ಗಂಭೀರವಾದ ದಿಢೀರ್ ಪ್ರಚೋದನೆ, ಆತ್ಮರಕ್ಷಣೆಯಲ್ಲಿ ಮಿತಿ ಮೀರಿದ್ದು – ಇಂಥವು ಸಾಬೀತಾದರೆ ಕೇಸು 103ರಿಂದ 105ಕ್ಕೆ ಇಳಿಯಬಹುದು.

ಹಾಗಂತ ಏಟು ಒಂದೇ ಅನ್ನೋದು ರಕ್ಷಣೆ ಅಲ್ಲ. ವಿರ್ಸಾ ಸಿಂಗ್ ಪ್ರಕರಣದಲ್ಲಿ ಹೊಟ್ಟೆಗೆ ಈಟಿಯಿಂದ ಬಿದ್ದದ್ದು ಒಂದೇ ತಿವಿತ. 1958ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೊಲೆ ಎಂದೇ ಎತ್ತಿಹಿಡಿಯಿತು. ಬೇಕೆಂದೇ ಮಾಡಿದ ಗಾಯ ಸಹಜವಾಗಿ ಸಾವು ತರುವಂಥದ್ದಾಗಿದ್ದರೆ ಸಾಕು, 'ಸಾಯಿಸಬೇಕು ಅಂತಿರಲಿಲ್ಲ' ಎಂಬ ಮಾತು ನಡೆಯೋದಿಲ್ಲ.

ತಿ.ನರಸೀಪುರ ಪ್ರಕರಣದಲ್ಲಿ ಹನುಮ ಜಯಂತಿ ಮೆರವಣಿಗೆ ವೇಳೆ ಶುರುವಾದ ಜಗಳ ಮಾರನೇ ದಿನ ಹತ್ಯೆಯಲ್ಲಿ ಮುಗಿಯಿತು ಎಂದು ಆಗ ವರದಿಯಾಗಿತ್ತು. ಆರೋಪ ನಿಜವೋ ಅಲ್ಲವೋ ಹೇಳಬೇಕಾದ್ದು ನ್ಯಾಯಾಲಯ. ಆದರೆ ಯಾವುದೇ ಕೇಸಿನಲ್ಲಿ ಜಗಳಕ್ಕೂ ಸಾವಿಗೂ ನಡುವೆ ಹೀಗೆ ಸಮಯ ಕಳೆದಿದ್ದರೆ, 'ದಿಢೀರ್ ಜಗಳ' ಎಂಬ ವಾದ ಕಷ್ಟವಾಗುತ್ತೆ.

ಎಫ್‌ಐಆರ್ ಸೆಕ್ಷನ್ ಕೊನೆಯಲ್ಲ

ಹಲ್ಲೆಗೊಳಗಾದವರು ಬದುಕಿದ್ದಾಗ 109, ಅಂದ್ರೆ ಕೊಲೆ ಯತ್ನ ಎಂದು ದಾಖಲಾದ ಕೇಸು, ಅವರು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ತೀರಿಕೊಂಡರೆ 103 ಆಗಬಹುದು. ತನಿಖೆ ಮುಗಿದ ಮೇಲೆ ಚಾರ್ಜ್‌ಶೀಟ್‌ನಲ್ಲಿ ಸೆಕ್ಷನ್ ಬದಲಾಗಬಹುದು. ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ ನಡೆದು, ತೀರ್ಪಿನಲ್ಲಿ ಮತ್ತೆ ಬದಲಾಗಬಹುದು. ಕೊಲೆ ಕೇಸಿನ ಬಂಧಿತರ ವಿರುದ್ಧ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಜಾಮೀನು ಕೇಳುವ ಹಕ್ಕು ಬರುತ್ತೆ.

ಯಾವ ಕಾನೂನು ಅನ್ನೋದು ಕೃತ್ಯ ನಡೆದ ದಿನದ ಮೇಲೆ ನಿಂತಿದೆ. ನಟ ದರ್ಶನ್ ಅವರನ್ನು ಮೈಸೂರಿನಲ್ಲಿ ವಶಕ್ಕೆ ಪಡೆದಿದ್ದು 2024ರ ಜೂನ್ 11ರಂದು. ಕೃತ್ಯ ಜುಲೈ 1ಕ್ಕೆ ಮೊದಲಿನದು, ಹಾಗಾಗಿ ಅಲ್ಲಿ ಹಳೆಯ 302. ಆ ಪ್ರಕರಣದಲ್ಲಿ ಹೈಕೋರ್ಟ್ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿತು. ಜಾಮೀನು ಸಿಕ್ಕರೆ ಖುಲಾಸೆ ಅಲ್ಲ, ರದ್ದಾದರೆ ಶಿಕ್ಷೆಯೂ ಅಲ್ಲ.

ಜೀವಾವಧಿ ಅಂದ್ರೆ 14 ವರ್ಷ?

ಇದು ತಪ್ಪು ಕಲ್ಪನೆ. ಜೀವಾವಧಿ ಅಂದ್ರೆ ಜೀವ ಇರುವವರೆಗೆ. ಕೊಲೆಗೆ ಜೀವಾವಧಿ ಆದವರನ್ನು ಸರ್ಕಾರ ಶಿಕ್ಷೆ ಕಡಿಮೆ ಮಾಡಿ ಬಿಡಬೇಕೆಂದರೂ ಕನಿಷ್ಠ 14 ವರ್ಷ ತುಂಬಿರಬೇಕು, ಅಷ್ಟೇ. ಮೈಸೂರು ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳ ಕೊಲೆ ಪ್ರಕರಣದಲ್ಲಿ ಸ್ವಾಮಿ ಶ್ರದ್ಧಾನಂದನ ಗಲ್ಲನ್ನು 2008ರಲ್ಲಿ ಜೀವಾವಧಿಗೆ ಇಳಿಸಿದ ಸುಪ್ರೀಂ ಕೋರ್ಟ್, ಸಾಯುವವರೆಗೂ ಬಿಡುಗಡೆ ಇಲ್ಲ ಎಂದು ಹೇಳಿತ್ತು.

ಗಲ್ಲು 'ಅಪರೂಪದಲ್ಲಿ ಅಪರೂಪ'ದ ಕೇಸಿಗೆ ಮಾತ್ರ ಎಂದು 1980ರ ಬಚನ್ ಸಿಂಗ್ ತೀರ್ಪು ಹೇಳಿದೆ. ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿದರೂ ಹೈಕೋರ್ಟ್ ಒಪ್ಪಲೇಬೇಕು. ವೀರಪ್ಪನ್ ತಂಡದ 1993ರ ಪಾಲಾರ್ ಸ್ಫೋಟದಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನ ಅರ್ಜಿ ತೀರ್ಮಾನಕ್ಕೆ ತಡವಾಯಿತೆಂದು 2014ರಲ್ಲಿ ಮತ್ತೆ ಜೀವಾವಧಿಯಾಯಿತು.

ಸೆಕ್ಷನ್ ನಿಲ್ಲೋದು ಊರವರ ಸಾಕ್ಷಿಯ ಮೇಲೆ

ಮನಸ್ಸಿನಲ್ಲಿ ಏನಿತ್ತು ಅಂತ ಯಾವ ಡಾಕ್ಟರೂ ಬರೆದುಕೊಡೋದಿಲ್ಲ. ಯಾರು ಮೊದಲು ಕೈ ಎತ್ತಿದರು, ಆಯುಧ ಮೊದಲೇ ಇತ್ತಾ, ಬಿದ್ದ ಮೇಲೂ ಹೊಡೆದರಾ – ಇದನ್ನೆಲ್ಲ ಹೇಳಬಲ್ಲವರು ಎದುರಿನ ಅಂಗಡಿಯವರು, ಆಟೋ ನಿಲ್ದಾಣದವರು, ಗೋಡೆ ಮೇಲಿನ ಕ್ಯಾಮೆರಾ. ಸಿಸಿಟಿವಿ ದೃಶ್ಯ ಕೆಲವೇ ದಿನಕ್ಕೆ ಅಳಿಸಿಹೋಗುತ್ತೆ. ಘಟನೆಯಾದ ದಿನವೇ ತೆಗೆದಿಟ್ಟು, ಪೊಲೀಸರಿಗೆ ಮಹಜರು ಮೂಲಕವೇ ಕೊಡಬೇಕು. ನ್ಯಾಯಾಲಯದಲ್ಲಿ ಅದು ನಿಲ್ಲಲು ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರವೂ ಬೇಕು.

'ನಮಗ್ಯಾಕೆ ಊರ ಉಸಾಬರಿ' ಎಂದು ನೋಡಿದವರು ಹಿಂದೆ ಸರಿದರೆ ನಿಜವಾದ ಕೊಲೆ 105ಕ್ಕೆ ಇಳಿಯಬಹುದು, ಖುಲಾಸೆಯೂ ಆಗಬಹುದು. ಇನ್ನೊಂದು ಕಡೆ, ಕೈ ಮೀರಿದ ಜಗಳದಲ್ಲಿ ಸಿಕ್ಕಿಬಿದ್ದ ಹುಡುಗನೊಬ್ಬ ಕೊಲೆಗಾರನಾಗಿ ಜೀವಾವಧಿ ಜೈಲು ಸೇರಬಹುದು. ವಕೀಲರಿಗೆ ಹಣವಿಲ್ಲದ ಆರೋಪಿಗಳು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ಸತ್ತವರ ಕುಟುಂಬ ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು.