ನೆರೆಮನೆಯ ದೀಪ

ಕಲ್ಯಾಣ ಬಿಟ್ಟು ಕರ್ಜತ್ ಕಡೆಗೆ ಹೊರಟ ಗಾಡಿಗೆ ಮೊದಲು ಸಿಗುವ ನಿಲ್ದಾಣವೇ ನಮ್ಮ ವಿಠ್ಠಲವಾಡಿ. ಇಲ್ಲಿಯ ಚಾಳಿನಲ್ಲಿ ಮನೆಮನೆಗೆ ಗೋಡೆಯೊಂದೇ ಅಡ್ಡ. ಸುಖದುಃಖಗಳಿಗೆ ಅದೂ ಇಲ್ಲ. ಹೋದ ಮಳೆಗಾಲದ ಒಂದು ಸಂಜೆ ನಾವು ಸ್ನಾನಕ್ಕೆಂದು ಗೀಸರ್ ಹಾಕಿದೆವು. ನಮ್ಮ ದೀಪ ಮಿಣುಕಿ ಆರಿದಂತಾಯಿತು. ಅದೇ ಕ್ಷಣಕ್ಕೆ ಪಕ್ಕದ ಮನೆಯ ಅಜ್ಜಿಯ ಹಳೇ ಬಲ್ಬು ಹಗಲಿನಂತೆ ಬೆಳಗಿ, ಢಬ್ಬೆಂದು ಒಡೆಯಿತು. “ಏನು ಮಾಡಿದಿರಪ್ಪಾ?” ಎಂದು ಅಜ್ಜಿ ಕೂಗಿದರು. ನಾವು ಮಾಡಿದ್ದು ಒಂದು ಗುಂಡಿ ಒತ್ತಿದ್ದಷ್ಟೇ!

ವಯರ್‌ಮನ್ ಬಂದು ನೋಡಿದ. ನಮ್ಮಿಬ್ಬರ ಮನೆಗೂ ಸೇರಿದ ನ್ಯೂಟ್ರಲ್ ತಂತಿಯ ಗಂಟು ಕಿಲುಬು ಹಿಡಿದು ಕಡಿದಿತ್ತು. ನಮ್ಮದು ಒಂದು ಫೇಜ್, ಅಜ್ಜಿಯದು ಇನ್ನೊಂದು. ನ್ಯೂಟ್ರಲ್ ನೆಟ್ಟಗಿರುವ ತನಕ ಪ್ರತಿ ಮನೆಗೂ 230 ವೋಲ್ಟು. ಒಬ್ಬರ ಗೊಡವೆ ಇನ್ನೊಬ್ಬರಿಗಿಲ್ಲ. ಅದು ಕಡಿದರೆ ಎರಡು ಮನೆಗಳೂ ಒಂದೇ ಸರದ ಮಣಿಗಳಾಗಿ, ಎರಡು ಫೇಜುಗಳ ನಡುವಿನ 400 ವೋಲ್ಟನ್ನು ಹಂಚಿಕೊಳ್ಳಬೇಕಾಗುತ್ತದೆ.

ಹಂಚಿಕೆ ಹೇಗೆ? ಸರದಲ್ಲಿ ಹರಿಯುವ ಪ್ರವಾಹ ಎಲ್ಲೆಡೆಯೂ ಒಂದೇ. ಆದುದರಿಂದ ಯಾವ ಕಡೆ ತಡೆ ಹೆಚ್ಚೋ ಆ ಕಡೆಗೆ ವೋಲ್ಟು ಹೆಚ್ಚು. ಎರಡೂ ಮನೆಯಲ್ಲಿ 100 ವ್ಯಾಟಿನ ಒಂದೊಂದೇ ಬಲ್ಬು ಉರಿಯುತ್ತಿದ್ದಾಗ ತಡೆ ಸಮ; ತಲಾ 200 ವೋಲ್ಟು. ದೀಪ ಕೊಂಚ ಮಂದವಾದದ್ದು ಯಾರಿಗೂ ತೋರಲಿಲ್ಲ. ಉರಿಯುವ ಬಲ್ಬಿನ ತಡೆ 529 ಓಂ. 2000 ವ್ಯಾಟಿನ ಗೀಸರಿನದು ಬರೀ 26. ಗೀಸರ್ ಸೇರಿದೊಡನೆ ನಮ್ಮ ಕಡೆಯ ತಡೆ ಕುಸಿದು, ನಮ್ಮ ಪಾಲು 20 ವೋಲ್ಟಿಗೂ ಇಳಿಯಿತು. ಉಳಿದ 380ಕ್ಕೂ ಮಿಕ್ಕದ್ದು ಅಜ್ಜಿಯ ಬಲ್ಬಿನ ಮೇಲೆ ಬಿತ್ತು. ಕಡಿಮೆ ಬಳಸುವವರಿಗೇ ಹೆಚ್ಚು ಹಾನಿ. ಇದು ಈ ದೋಷದ ಅನ್ಯಾಯ.

ಫ್ಯೂಸು ಕಾಪಾಡೀತೆಂದು ನಂಬಬೇಡಿ. ಅದು ಕರಗುವುದು ಪ್ರವಾಹ ಹೆಚ್ಚಿದಾಗ. ವೋಲ್ಟು ಹೆಚ್ಚಿದ್ದನ್ನು ಅದು ಅರಿಯದು. ಅಲ್ಲದೆ, ಕಡಿದ ನ್ಯೂಟ್ರಲ್ ತಂತಿಯೂ ಹೊಡೆಯುತ್ತದೆ. ಒಂದು ಮನೆಯ ದೀಪ ಇಳಿದು ಇನ್ನೊಂದರದು ಏರಿದರೆ ಒಡನೆ ಮೇನ್ ಸ್ವಿಚ್ ಆರಿಸಿ, ನೆರೆಯವರಿಗೂ ಕೂಗಿ ಹೇಳಿ. ಏನನ್ನೂ ಮುಟ್ಟದೆ ಬಲ್ಲವರನ್ನು ಕರೆಸಿ. ಮಳೆಗಾಲಕ್ಕೆ ಮುಂಚೆ ಚಾಳಿನ ಗಂಟುಗಳನ್ನೆಲ್ಲ ಒಮ್ಮೆ ನೋಡಿಸಿದರೆ ಇನ್ನೂ ಒಳ್ಳೆಯದು.

ಅಜ್ಜಿಗೆ ಹೊಸ ಬಲ್ಬು ತಂದುಕೊಟ್ಟೆವು. ಆ ರಾತ್ರಿ ನಮ್ಮ ಸ್ನಾನಕ್ಕೆ ಬಿಸಿನೀರು ಬಂದದ್ದು ಅವರ ಒಲೆಯಿಂದ.