ಭಾರದ ಕ್ಯೂ ಇದ್ದರೆ ಹೊಡೆತ ಜೋರಾಗುತ್ತದೆಯೇ? ಪೂಲ್ ಕ್ಯೂನ ಬಿಡಿಭಾಗಗಳ ಬಗ್ಗೆ ನಿಜ ಎಷ್ಟು, ನಂಬಿಕೆ ಎಷ್ಟು?

‘ಕ್ಯೂ ಭಾರ ಇದ್ದಷ್ಟೂ ಬ್ರೇಕ್ ಜೋರು’, ‘ಸ್ಟೀಲ್ ಜಾಯಿಂಟ್ ಇದ್ದರೆ ಹೊಡೆತಕ್ಕೆ ಬಲ’, ‘ಮೆತ್ತನೆ ಟಿಪ್ ಹಾಕಿಸಿದರೆ ಸ್ಪಿನ್ ಜಾಸ್ತಿ’. ಪೂಲ್ ಆಡುವವರ ನಡುವೆ ಇಂಥ ಮಾತುಗಳು ಸದಾ ಓಡಾಡುತ್ತಿರುತ್ತವೆ. ಇವನ್ನು ನಂಬಿ ಒಂದಾದ ಮೇಲೊಂದು ಭಾಗ ಬದಲಿಸುತ್ತಾ ದುಡ್ಡು ಸುರಿಯುವವರೂ ಇದ್ದಾರೆ. ಕ್ಯೂನ ಭಾಗಗಳನ್ನು ಬದಲಿಸಿದರೆ ಹೊಡೆತ ನಿಜವಾಗಿಯೂ ಬದಲಾಗುತ್ತದೆಯೇ? ಕೆಲವು ಭಾಗಗಳಿಂದ ಹೌದು. ಇನ್ನು ಕೆಲವು ಭಾಗಗಳಿಂದ ಬದಲಾಗುವುದು ನಿಮ್ಮ ಕೈಗೆ ಸಿಗುವ ಅನುಭವ ಮಾತ್ರ.

ಟಿಪ್ ಚೆಂಡಿಗೆ ತಾಗುವುದು ಎಷ್ಟು ಹೊತ್ತು?

ಚರ್ಮದ ಟಿಪ್ ಬಿಳಿ ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಕಾಲ ಮಾತ್ರ. ಚೆಂಡಿನ ಪಕ್ಕಕ್ಕೆ ಹೊಡೆದಾಗ ಕ್ಯೂ ಅಡ್ಡಕ್ಕೆ ಬಾಗಲು ಶುರುವಾಗುತ್ತದೆ. ಆದರೆ ಈ ಬಾಗು ನಿಧಾನವಾಗಿ ಹಿಂದಕ್ಕೆ ಸಾಗುತ್ತದೆ. ಅದು ಮುಂತುದಿಯ ಕೆಲವೇ ಇಂಚು ದಾಟುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಈ ಒಂದು ಸಂಗತಿ ನೆನಪಿಟ್ಟುಕೊಂಡರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಭಾರ: ಲೆಕ್ಕ ಏನು ಹೇಳುತ್ತದೆ?

ಅನೇಕ ಕ್ಯೂಗಳ ಹಿಂತುದಿಯಲ್ಲಿ, ರಬ್ಬರ್ ಬಿರಡೆಯ ಒಳಗೆ, ಭಾರಕ್ಕಾಗಿ ಒಂದು ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿ ಬೇರೆ ತೂಕದ್ದನ್ನು ಹಾಕಬಹುದು. ಪೂಲ್ ಕ್ಯೂಗಳ ತೂಕ ಸಾಮಾನ್ಯವಾಗಿ 18ರಿಂದ 21 ಔನ್ಸ್, ಅಂದರೆ ಸುಮಾರು 510ರಿಂದ 595 ಗ್ರಾಂ. ಚೆಂಡಿನ ತೂಕ ಹೆಚ್ಚೆಂದರೆ 170 ಗ್ರಾಂ.

510 ಗ್ರಾಂ ಕ್ಯೂ ಬದಲು 595 ಗ್ರಾಂ ಕ್ಯೂನಿಂದ ಅದೇ ವೇಗದಲ್ಲಿ ಹೊಡೆದರೆ ಚೆಂಡಿನ ವೇಗ ಹೆಚ್ಚುವುದು ಶೇಕಡ 4ರ ಆಸುಪಾಸಿನಲ್ಲಿ. ಭಾರದಿಂದಾಗಿ ಕೈಯ ವೇಗ ಅಷ್ಟೇ ತಗ್ಗಿದರೆ ಆ ಲಾಭವೂ ಇಲ್ಲ, ಇನ್ನೂ ತಗ್ಗಿದರೆ ನಷ್ಟವೇ. ಹಾಗಾಗಿ ಎಲ್ಲರಿಗೂ ಸರಿಹೊಂದುವ ತೂಕ ಎಂಬುದಿಲ್ಲ. ಯಾವ ತೂಕದಲ್ಲಿ ನಿಮ್ಮ ಕೈ ನೇರವಾಗಿ, ಸಲೀಸಾಗಿ ಸಾಗುತ್ತದೋ ಅದೇ ನಿಮ್ಮ ತೂಕ.

ಜಾಯಿಂಟ್: ಬದಲಾಗುವುದು ಕೈಯ ಅನುಭವ

ಎರಡು ತುಂಡಿನ ಕ್ಯೂನಲ್ಲಿ ಜಾಯಿಂಟ್ ಇರುವುದು ಟಿಪ್‌ನಿಂದ ಎರಡು ಅಡಿಗೂ ಹೆಚ್ಚು ಹಿಂದೆ. ಚೆಂಡು ಬಿಡುವ ಮುನ್ನ ಅಡ್ಡ ಬಾಗು ಅಲ್ಲಿಗೆ ತಲುಪುವುದೇ ಇಲ್ಲ. ಸ್ಟೀಲ್ ಇರಲಿ, ಮರ ಇರಲಿ, ಚೆಂಡು ಹೋಗುವ ದಿಕ್ಕು ಅದರಿಂದ ಬದಲಾಗದು. ಬದಲಾಗುವುದು ಹೊಡೆತದ ಸದ್ದು, ಕೈಗೆ ಬರುವ ಕಂಪನ ಮತ್ತು ಕ್ಯೂನ ಸಮತೋಲನ. ಲೋಹದ ಜಾಯಿಂಟ್ ಭಾರವನ್ನು ಸ್ವಲ್ಪ ಮುಂದಕ್ಕೆ ತರುತ್ತದೆ. ಕೈಗೆ ಹಿತವೆನಿಸುವ ಕ್ಯೂ ಆತ್ಮವಿಶ್ವಾಸ ಕೊಡುತ್ತದೆ ನಿಜ. ಆದರೆ ಜಾಯಿಂಟ್ ಯಾವುದರಿಂದ ಮಾಡಿದ್ದು ಎಂಬುದು ಚೆಂಡಿಗೆ ಗೊತ್ತಿಲ್ಲ!

ಶಾಫ್ಟ್: ಇಲ್ಲಿ ನಿಜಕ್ಕೂ ವ್ಯತ್ಯಾಸವಿದೆ

ಸೈಡ್ ಸ್ಪಿನ್ ಕೊಡಲು ಚೆಂಡಿನ ಎಡಭಾಗಕ್ಕೆ ಹೊಡೆದರೆ ಅದು ಗುರಿಯಿಂದ ತುಸು ಬಲಕ್ಕೆ ಸರಿದು ಹೊರಡುತ್ತದೆ. ಇದಕ್ಕೆ ಡಿಫ್ಲೆಕ್ಷನ್ ಎನ್ನುತ್ತಾರೆ. ಶಾಫ್ಟ್‌ನ ಮುಂತುದಿ ಹಗುರಾದಷ್ಟೂ ಈ ಸರಿತ ಕಡಿಮೆ. ಅದಕ್ಕೇ ಲೋ ಡಿಫ್ಲೆಕ್ಷನ್ ಶಾಫ್ಟ್‌ಗಳ ತುದಿಯನ್ನು ಟೊಳ್ಳು ಮಾಡಿರುತ್ತಾರೆ, ಸಪೂರ ಮಾಡಿರುತ್ತಾರೆ ಅಥವಾ ಟಿಪ್‌ನ ಹಿಂದಿನ ಫೆರುಲ್ ಎಂಬ ಬಳೆಯನ್ನು ಹಗುರವಾಗಿಸಿರುತ್ತಾರೆ.

ಆದರೆ ಒಂದು ಎಚ್ಚರಿಕೆ. ಹಳೆಯ ಶಾಫ್ಟ್‌ನ ಸರಿತಕ್ಕೆ ನಿಮ್ಮ ಕಣ್ಣು ಈಗಾಗಲೇ ಹೊಂದಿಕೊಂಡಿರುತ್ತದೆ. ಹೊಸದು ಹಾಕಿದರೆ ಗುರಿ ಇಡುವುದನ್ನು ಮತ್ತೆ ಅಭ್ಯಾಸ ಮಾಡಬೇಕು. ಪಂದ್ಯದ ಹಿಂದಿನ ದಿನ ಶಾಫ್ಟ್ ಬದಲಿಸುವುದು ಜಾಣತನವಲ್ಲ.

ಟಿಪ್: ಚಿಕ್ಕ ಭಾಗ, ದೊಡ್ಡ ಕೆಲಸ

19ನೇ ಶತಮಾನದ ಆರಂಭದಲ್ಲಿ ಫ್ರಾನ್ಸ್‌ನ ಫ್ರಾಂಸ್ವಾ ಮಿಂಗೋ ಕ್ಯೂ ತುದಿಗೆ ಚರ್ಮ ಅಂಟಿಸಿ ಆಡಿದ್ದಕ್ಕೆ ಹೆಸರಾದ. ಚೆಂಡಿಗೆ ಬೇಕಾದಂತೆ ಸ್ಪಿನ್ ಕೊಡುವ ಆಟಕ್ಕೆ ದಾರಿ ತೆರೆದದ್ದು ಆ ಚರ್ಮದ ತುಂಡೇ.

ಗಟ್ಟಿ ಟಿಪ್ ಕಡಿಮೆ ಕುಗ್ಗುತ್ತದೆ, ಆದ್ದರಿಂದ ಚೆಂಡಿಗೆ ತುಸು ಹೆಚ್ಚು ವೇಗ ದಾಟಿಸುತ್ತದೆ. ಬ್ರೇಕ್ ಕ್ಯೂಗಳಿಗೆ ಗಟ್ಟಿ ಟಿಪ್ ಹಾಕುವುದು ಇದೇ ಕಾರಣಕ್ಕೆ. ಸ್ಪಿನ್ ವಿಷಯ ಬೇರೆ. ಟಿಪ್ ಜಾರದಿದ್ದರೆ, ಸ್ಪಿನ್ ಪ್ರಮಾಣವನ್ನು ನಿರ್ಧರಿಸುವುದು ಚೆಂಡಿನ ನಡುವಿನಿಂದ ಎಷ್ಟು ದೂರಕ್ಕೆ ಹೊಡೆದಿರಿ ಎಂಬುದೇ ಹೊರತು ಟಿಪ್‌ನ ಮೆತ್ತಗಲ್ಲ. ಪೂಲ್ ಚೆಂಡಿನ ವ್ಯಾಸ 57 ಮಿ.ಮೀ. ನಡುವಿನಿಂದ ಸುಮಾರು 14 ಮಿ.ಮೀ. ದಾಟಿ ಹೊಡೆದರೆ ಯಾವ ಟಿಪ್ ಆದರೂ ಜಾರುವ ಸಾಧ್ಯತೆ ಹೆಚ್ಚು. ಅದಕ್ಕೂ ಮೊದಲೇ ಜಾರುತ್ತಿದ್ದರೆ ಟಿಪ್ ಚಪ್ಪಟೆಯಾಗಿದೆಯೇ, ನುಣುಪಾಗಿ ಹೊಳೆಯುತ್ತಿದೆಯೇ, ಚಾಕ್ ಸರಿಯಾಗಿ ಹಿಡಿದಿದೆಯೇ ನೋಡಿ.

ಹಾಗಾದರೆ ಏನು ಮಾಡಬೇಕು?

• ಮೊದಲು ಟಿಪ್ ಅನ್ನು ದುಂಡಗೆ ಉಜ್ಜಿ, ಚಾಕ್ ಹಚ್ಚಿ. ಜಾಯಿಂಟ್ ಸಡಿಲವಿದ್ದರೆ ಬಿಗಿ ಮಾಡಿ. ಇದಕ್ಕೆ ದೊಡ್ಡ ಖರ್ಚಿಲ್ಲ.
• ಆಮೇಲೂ ಬೇಕೆನಿಸಿದರೆ ಹೊಸ ಟಿಪ್, ನಂತರ ಭಾರದ ಬೋಲ್ಟ್. ಶಾಫ್ಟ್ ಕೊನೆಯಲ್ಲಿ ಇರಲಿ.
• ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.
• ಕೊಳ್ಳುವ ಮೊದಲು ಗೆಳೆಯರ ಕ್ಯೂನಲ್ಲಿ ಒಂದಿಷ್ಟು ಹೊತ್ತು ಆಡಿ ನೋಡಿ.

ಕೊನೆಯ ಮಾತು: ಚೆಂಡಿನ ಮೇಲೆ ಹೆಚ್ಚು ಪರಿಣಾಮ ಬೀರುವುದು ಟಿಪ್, ಅದರ ಹಿಂದಿನ ಕೆಲವು ಇಂಚು ಮತ್ತು ನಿಮ್ಮ ಕೈಯ ವೇಗ. ಉಳಿದ ಭಾಗಗಳು ಬಹುಪಾಲು ನಿಮ್ಮ ಹಿತಕ್ಕಾಗಿ. ‘ಈ ಭಾಗ ಹಾಕಿಸಿದರೆ ಆಟವೇ ಬದಲು’ ಎಂಬ ಮೆಸೇಜ್ ಬಂದರೆ, ಆ ಭಾಗ ಟಿಪ್‌ನಿಂದ ಎಷ್ಟು ದೂರದಲ್ಲಿದೆ ಎಂದು ಮೊದಲು ಕೇಳಿ. ಫಾರ್ವರ್ಡ್ ಮಾಡುವುದು ಆಮೇಲೆ.